ಜಾರಿದ್ದು ಯಾರ ನೆಲದಲ್ಲಿ?

ಸೂಪರ್ ಮಾರ್ಕೆಟ್‌ನಲ್ಲಿ ಯಾರಾದರೂ ಜಾರಿ ಬಿದ್ದರೆ ಮೊದಲು ಕೇಳಿಬರುವ ಮಾತು, 'ನೋಡ್ಕೊಂಡು ನಡೀಬಾರ್ದಾ?' ಬಿದ್ದವರೂ ನಾಚಿಕೆಯಿಂದ ಸೀರೆ ಕೊಡವಿಕೊಂಡು, 'ಏನೂ ಆಗಿಲ್ಲ ಬಿಡಿ' ಎಂದು ಹೊರಟುಬಿಡುತ್ತಾರೆ. ಮಣಿಕಟ್ಟು ಊದಿಕೊಳ್ಳುವುದು ಮನೆಗೆ ಬಂದ ಮೇಲೆ. ಮರುದಿನ ಎಕ್ಸ್‌ರೇ ಹಿಡಿದು ಹೋದರೆ ಪ್ರಶ್ನೆ ಬದಲಾಗಿರುತ್ತದೆ: 'ನಮ್ಮಲ್ಲೇ ಬಿದ್ರಿ ಅನ್ನೋದಕ್ಕೆ ಏನು ಸಾಕ್ಷಿ?'

ಸಾಕ್ಷಿ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದಿರುವುದು ಯಾರ ಕೈಯಲ್ಲಿ? ಎಣ್ಣೆ ಪ್ಯಾಕೆಟ್ ಒಡೆದು ಎಷ್ಟು ಹೊತ್ತಾಗಿತ್ತು, ನೆಲ ಒರೆಸಿದ್ದು ಯಾವಾಗ, ಇದೆಲ್ಲ ಗೊತ್ತಿರುವುದು ಅಂಗಡಿಯವರಿಗೆ. ಕ್ಯಾಮೆರಾವೂ ಅವರದೇ. ಹಾಗಾಗಿ ಉತ್ತರ ಹೇಳುವ ಹೊಣೆಯೂ ಅವರದೇ ಆಗಬೇಕು.

ಲಿವರ್‌ಪೂಲ್‌ನ ಟೆಸ್ಕೊ ಮಳಿಗೆಯಲ್ಲಿ ಚೆಲ್ಲಿದ್ದ ಯೋಗರ್ಟ್ ಮೇಲೆ ಕಾಲಿಟ್ಟು ಗ್ರಾಹಕಿಯೊಬ್ಬರು ಬಿದ್ದ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1970ರ ದಶಕದಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ದಿನಕ್ಕೆ ಐದಾರು ಸಲ ಗುಡಿಸುತ್ತೇವೆ ಎಂದರೆ ಸಾಲದು, ಆ ಹೊತ್ತಿನಲ್ಲಿ ಎಚ್ಚರ ವಹಿಸಿದ್ದೆವು ಎಂದು ಮಳಿಗೆಯೇ ತೋರಿಸಬೇಕು. ಮೂವರಲ್ಲಿ ಒಬ್ಬ ನ್ಯಾಯಾಧೀಶರು ಒಪ್ಪಲಿಲ್ಲ. ಆಕೆ ಬೀಳುವ ಕ್ಷಣದ ಮುಂಚೆಯಷ್ಟೇ ಯಾರೋ ಚೆಲ್ಲಿರಬಹುದಲ್ಲ ಎಂಬುದು ಅವರ ಅನುಮಾನ. ನ್ಯಾಯವಾದ ಅನುಮಾನವೇ. ಆದರೆ ಅದನ್ನು ಬಗೆಹರಿಸಲು ಇಂದು ಪ್ರತಿ ಮೂಲೆಯಲ್ಲೂ ಕ್ಯಾಮೆರಾ ಇದೆ. ಈಗಷ್ಟೇ ಚೆಲ್ಲಿದ್ದಾದರೆ ಅಂಗಡಿಯವರು ಧಾರಾಳವಾಗಿ ತೋರಿಸಲಿ. ಗ್ರಾಹಕರೇ ಮೊಬೈಲ್ ನೋಡುತ್ತಾ ನಡೆದಿದ್ದರೆ ಅದೂ ಕಾಣುತ್ತದೆ. ಆಗ ಪರಿಹಾರ ಅಷ್ಟರಮಟ್ಟಿಗೆ ಕಡಿಮೆಯಾಗಬಹುದು, ಇಲ್ಲವೇ ಇಲ್ಲವೆನ್ನುವುದು ಸರಿಯಲ್ಲ.

ನಮ್ಮಲ್ಲಿ ಎಡವಟ್ಟು ಇರುವುದು ಬೇರೆ ಕಡೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ದಿನಸಿ ಬಿಲ್ಲಿನಂಥ ಸಣ್ಣ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಸಿಸಿಟಿವಿ ದೃಶ್ಯಕ್ಕೆ ಮಾತ್ರ ಅಷ್ಟು ಆಯುಸ್ಸಿಲ್ಲ. ಹಾರ್ಡ್ ಡಿಸ್ಕ್ ತುಂಬಿದಂತೆಲ್ಲ ಹಳೆಯದು ಅಳಿಸಿಹೋಗುತ್ತದೆ. ಅದಕ್ಕೇ ಬಿದ್ದ ದಿನವೇ ಮ್ಯಾನೇಜರ್‌ಗೆ ಬರಹದಲ್ಲಿ ತಿಳಿಸಿ, ಇಂಥ ಹೊತ್ತಿನ ದೃಶ್ಯ ಅಳಿಸಬೇಡಿ ಎಂದು ಕೇಳಬೇಕು. ಬಿಲ್ ಎಸೆಯಬಾರದು. ಎಲ್ಲಿ, ಹೇಗೆ ಬಿದ್ದದ್ದೆಂದು ಡಾಕ್ಟರ ಚೀಟಿಯಲ್ಲೂ ಬರೆಸಬೇಕು. ಗಿಫ್ಟ್ ವೋಚರ್ ಕೊಟ್ಟು 'ಇಲ್ಲೊಂದು ಸೈನ್ ಹಾಕಿ' ಎಂದರೆ, ಆ ಕಾಗದ ಓದದೆ ಪೆನ್ನು ಮುಟ್ಟಬಾರದು.

ಅಂಗಡಿಯವರ ಅಳುಕೂ ಅರ್ಥವಾಗುವಂಥದ್ದೇ. ಆಸ್ಪತ್ರೆ ಖರ್ಚು ಕೊಟ್ಟರೆ ತಪ್ಪೊಪ್ಪಿಕೊಂಡಂತೆ ಎಂದು ಹೆದರಿ, ನೀರು ಕುರ್ಚಿ ಕೊಡುವ ಹುಡುಗರನ್ನೂ 'ಜಾಸ್ತಿ ಮಾತಾಡ್ಬೇಡಿ' ಎಂದು ಗದರುತ್ತಾರೆ. ಆದರೆ ಇಂಥ ಹೊಣೆಗೆಂದೇ ಪಬ್ಲಿಕ್ ಲಯಬಿಲಿಟಿ ವಿಮೆ ಸಿಗುತ್ತದೆ. ಬಾಗಿಲ ದೀಪಾಲಂಕಾರಕ್ಕೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಅದರ ಕಂತಿಗೆ ತೆಗೆದಿಟ್ಟರೆ, ಬಿದ್ದವರ ಜೊತೆ ಜಗಳಕ್ಕೆ ನಿಲ್ಲುವ ಪ್ರಮೇಯವೇ ಬರುವುದಿಲ್ಲ.