ಒಳನೋಟ

ಕನ್ನಡದಲ್ಲಿ ‘ನೋಡು’ ಮತ್ತು ‘ಕಾಣು’ ಎಂಬ ಎರಡು ಕ್ರಿಯಾಪದಗಳಿವೆ. ಅವೆರಡೂ ಒಂದೇ ಅರ್ಥದವೆಂದು ಮೊದಲಿಗೆ ತೋರುತ್ತದೆ. ಆದರೆ ‘ಎಷ್ಟು ನೋಡಿದರೂ ಕಾಣಲಿಲ್ಲ’ ಎಂಬ ಮಾತಿನಲ್ಲಿ ಅವುಗಳ ಅಂತರ ಸ್ಪಷ್ಟವಾಗುತ್ತದೆ. ನೋಡುವುದು ಪ್ರಯತ್ನ, ಕಾಣುವುದು ಫಲ. ಫಲ ದೊರೆಯುವವರೆಗೆ ಬಿಡದೆ ನೋಡುವ ಶಕ್ತಿಯೇ ಒಳನೋಟ.

ಓಡು ಎಂಬ ಧಾತುವಿನಿಂದ ಓಟ, ಆಡು ಎಂಬುದರಿಂದ ಆಟ, ಕೂಡು ಎಂಬುದರಿಂದ ಕೂಟ ಹುಟ್ಟಿದಂತೆ, ನೋಡು ಎಂಬುದರಿಂದ ‘ನೋಟ’ ಹುಟ್ಟಿದೆ. ಇದರ ಸೋದರ ಶಬ್ದವಾದ ತಮಿಳಿನ ‘ನೋಟ್ಟಂ’ ಎಂಬುದಕ್ಕೆ ನಾಣ್ಯಗಳ ಪರೀಕ್ಷೆ ಎಂಬ ಅರ್ಥವೂ ಉಂಟು. ನೋಟವೆಂದರೆ ಕೇವಲ ಕಣ್ಣು ಹಾಯಿಸುವುದಲ್ಲ, ಒರೆಹಚ್ಚಿ ತಿಳಿಯುವುದು ಎಂಬ ಭಾವ ಅಲ್ಲಿದೆ. ಮುಂದಿನದನ್ನು ಕುರಿತದ್ದು ಮುನ್ನೋಟ. ಕಳೆದುದನ್ನು ಕುರಿತದ್ದು ಹಿನ್ನೋಟ. ವಸ್ತುವಿನ ಒಳಹೊಕ್ಕು ಅದರ ನಿಜವನ್ನು ಅರಿಯುವುದು ಒಳನೋಟ.

ತೀಕ್ಷ್ಣಬುದ್ಧಿಯವರನ್ನು ‘ಕುಶಾಗ್ರಮತಿ’ ಎಂದು ಹೊಗಳುವುದುಂಟು. ದರ್ಭೆಯ ತುದಿಯಂತೆ ಹರಿತವಾದ ಬುದ್ಧಿಯುಳ್ಳವರು ಎಂದು ಅದರ ಅರ್ಥ. ಮಾತು ಸೊಗಸಾಗಿದೆ. ಆದರೆ ದರ್ಭೆಯ ತುದಿ ಹುಟ್ಟಿನಿಂದಲೇ ಹರಿತ. ಅದನ್ನು ಯಾರೂ ಮಸೆಯುವುದಿಲ್ಲ. ನೋಟವಾದರೋ ಮಾಡಬೇಕಾದ ಕೆಲಸ. ಆದುದರಿಂದ ಅದು ಎಲ್ಲರಿಗೂ ಸಾಧ್ಯ.

ಗುಡೇಮಾರನಹಳ್ಳಿಯನ್ನು ಒಳಗೊಂಡ ಮಾಗಡಿ ಸೀಮೆಯಲ್ಲಿಯೂ ನೆರೆಯ ರಾಮನಗರ, ಕನಕಪುರ, ಚನ್ನಪಟ್ಟಣಗಳಲ್ಲಿಯೂ ರೇಷ್ಮೆ ಸಾಕುವ ಮನೆಗಳಿವೆ. ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ; ಇದನ್ನು ರೈತರು ‘ಜ್ವರ’ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳು ಕೆಲವು ದಿನ ಹೇರಳವಾಗಿ ಸೊಪ್ಪು ಮೇಯ್ದು, ಬಳಿಕ ಮೇವು ಬಿಟ್ಟು, ಮೈ ತಿಳಿಯಾಗಿ ‘ಹಣ್ಣಾಗುತ್ತದೆ’. ಆಗ ಅದನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಅವಸರಪಟ್ಟರೆ ಗೂಡು ತೆಳುವಾಗುತ್ತದೆ. ತಡಮಾಡಿದರೆ ನೂಲು ಸೊಪ್ಪಿನ ನಡುವೆಯೇ ವ್ಯರ್ಥವಾಗುತ್ತದೆ. ಸಾವಿರಾರು ಹುಳುಗಳ ನಡುವೆ ಹಣ್ಣಾದುದನ್ನು ಕಂಡ ಕೂಡಲೆ ಗುರುತಿಸುವ ರೈತಮಹಿಳೆ ಶಾಲೆಯ ಮೆಟ್ಟಿಲು ಹತ್ತಿರದೆ ಇರಬಹುದು. ಆಕೆಯ ಅರಿವು ಒಳನೋಟವಲ್ಲದೆ ಮತ್ತೇನು? ಅದನ್ನು ಬರಿಯ ರೂಢಿಯೆಂದು ತಳ್ಳಿಹಾಕುವುದು ಅನ್ಯಾಯ.

ವಿಜ್ಞಾನಿಯ ನೋಟವೂ ಇದೇ ಜಾತಿಯದು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ. ವಿ. ರಾಮನ್ ಅವರು ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ನೋಡಿದರು. ಅದು ಆಕಾಶದ ಪ್ರತಿಬಿಂಬವೆಂಬ ವಿವರಣೆ ಆಗ ಪ್ರಚಲಿತವಾಗಿತ್ತು. ರಾಮನ್ ಅವರು ಪಟ್ಟಕದ ಸಹಾಯದಿಂದ ಪ್ರತಿಬಿಂಬದ ಬೆಳಕನ್ನು ತಡೆದು ಪರೀಕ್ಷಿಸಿದರು. ಆಗಲೂ ನೀಲಿ ಉಳಿದಿತ್ತು. ನೀರೇ ಬೆಳಕನ್ನು ಚದರಿಸುತ್ತದೆಂದು ಅವರು ಅರಿತರು. ಆ ಜಾಡಿನಲ್ಲಿ ನಡೆದ ಸಂಶೋಧನೆಯಿಂದ 1928ರಲ್ಲಿ ರಾಮನ್ ಪರಿಣಾಮ ಬೆಳಕಿಗೆ ಬಂದಿತು. 1930ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ನೀಲಿಯನ್ನು ಸಾವಿರಾರು ಪ್ರಯಾಣಿಕರು ನೋಡಿದ್ದರು. ಆದರೆ ಒರೆಹಚ್ಚಿ ನೋಡಿದವರು ವಿರಳ.

‘ನಾನು ದಡ್ಡ, ನನಗೆ ಹೊಳೆಯುವುದಿಲ್ಲ’ ಎಂದು ಕೈಚೆಲ್ಲುವ ವಿದ್ಯಾರ್ಥಿಗಳು ಈ ಶಬ್ದದ ಹುಟ್ಟನ್ನು ನೆನೆಯಬೇಕು. ಒಳನೋಟವು ಕೆಲವರಿಗೆ ಮಾತ್ರ ದೊರೆತ ವರವಲ್ಲ. ತಾಳ್ಮೆಯಿಂದ ನೋಡಿ, ನೋಡಿದುದನ್ನು ಪ್ರಶ್ನಿಸಿ, ಮತ್ತೆ ನೋಡುವವರಿಗೆ ಅದು ಒಲಿಯುತ್ತದೆ. ಕಾಣದಿದ್ದಾಗ ಇನ್ನೊಮ್ಮೆ ನೋಡುವುದೇ ಕಲಿಕೆ.