ಹಳಿಯ ಆಚೆಗಿನ ಅಲೀಗಢ

2024ರ ನವೆಂಬರ್ 8ರಂದು ಸುಪ್ರೀಮ್ ಕೋರ್ಟಿನ ಏಳು ನ್ಯಾಯಾಧೀಶರ ಪೀಠವು 4-3ರ ಬಹುಮತದಿಂದ 1967ರ ಅಝೀಝ್ ಬಾಷಾ ತೀರ್ಪನ್ನು ತಳ್ಳಿಹಾಕಿದಾಗ ಸಮುದಾಯವು ಸಮಾಧಾನಪಟ್ಟಿತು. ಅಲೀಗಢ ಮುಸ್ಲಿಮ್ ವಿಶ್ವವಿದ್ಯಾನಿಲಯವು ಅಲ್ಪಸಂಖ್ಯಾತ ಸಂಸ್ಥೆ ಹೌದೋ ಅಲ್ಲವೋ ಎಂಬ ನಿರ್ಣಯವನ್ನು ಬೇರೊಂದು ಪೀಠಕ್ಕೆ ಬಿಡಲಾಯಿತಾದರೂ, ಕಾಯ್ದೆಯ ಮೂಲಕ ರೂಪುಗೊಂಡಿತೆಂಬ ಒಂದೇ ಕಾರಣಕ್ಕೆ ಸಂಸ್ಥೆಯೊಂದು ಆ ಸ್ಥಾನಕ್ಕೆ ಅನರ್ಹವಾಗದು ಎಂದು ಸ್ಪಷ್ಟವಾಯಿತು. ಈ ವಿಶ್ವವಿದ್ಯಾನಿಲಯ ಯಾರದು ಎಂಬ ಪ್ರಶ್ನೆಯನ್ನು ನಾವು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನ್ಯಾಯಾಲಯದಲ್ಲಿ ಕೇಳಿದ್ದೇವೆ. ಅದೇ ಪ್ರಶ್ನೆಯನ್ನು ಅಲೀಗಢದ ಪೇಟೆಯಲ್ಲಿ ನಿಂತು ಕೇಳಿದರೆ ಸಿಗುವ ಉತ್ತರವೇನು?

ಅಲೀಗಢವನ್ನು ರೈಲು ಹಳಿ ಎರಡಾಗಿ ಸೀಳಿದೆ. ಒಂದು ಬದಿಯಲ್ಲಿ ಸಿವಿಲ್ ಲೈನ್ಸ್. ವಿಶ್ವವಿದ್ಯಾನಿಲಯದ ವಿಶಾಲ ಆವರಣ, ಪ್ರಾಧ್ಯಾಪಕರ ಬಂಗಲೆಗಳು, ವಿದ್ಯಾರ್ಥಿಗಳು ಚಹಾ ಕುಡಿಯುವ ಶಮ್‌ಶಾದ್ ಮಾರ್ಕೆಟ್ ಎಲ್ಲವೂ ಅಲ್ಲಿ. ಇನ್ನೊಂದು ಬದಿಯಲ್ಲಿ ಜಾಮಾ ಮಸೀದಿಯ ಸುತ್ತಲಿನ ಊಪರ್ ಕೋಟ್ ಮತ್ತು ಇಕ್ಕಟ್ಟಾದ ಹಳೇ ಮೊಹಲ್ಲಾಗಳು. ಬೀಗಕ್ಕೆ ಹೆಸರಾದ ಅಲೀಗಢ ಇದು. ಎರಡೂ ಕಡೆ ಮುಸ್ಲಿಮರಿದ್ದಾರೆ. ಆದರೆ ಶೇರ್ವಾನಿಯ ಅಲೀಗಢಕ್ಕೂ ಅರದ ಧೂಳಿನ ಅಲೀಗಢಕ್ಕೂ ಇರುವ ಅಂತರ ಹಳಿಯ ಅಗಲಕ್ಕಿಂತ ಬಹಳ ಹೆಚ್ಚು.

ಆರಂಭದಲ್ಲಿ ಸರ್ ಸಯ್ಯಿದ್ ಅಹ್ಮದ್ ಖಾನರ ನೋಟ ವಿಶಾಲವಾಗಿಯೇ ಇತ್ತು. ಕಾಲೇಜಿಗಿಂತ ಮೊದಲೇ, 1864ರಲ್ಲಿ ಅವರು ಸ್ಥಾಪಿಸಿದ ಸಾಯಂಟಿಫಿಕ್ ಸೊಸೈಟಿಯು ಜ್ಞಾನವನ್ನು ಜನರ ಭಾಷೆಗೆ ತರಲು ಹೊರಟಿತ್ತು. ರಾಜಾ ಜೈಕಿಶನ್ ದಾಸ್‌ರಂತಹ ಹಿಂದೂ ಗಣ್ಯರು ಅದರ ಬೆನ್ನಿಗಿದ್ದರು. 1875ರಲ್ಲಿ ಮದ್ರಸವಾಗಿ ಆರಂಭಗೊಂಡು 1877ರಲ್ಲಿ ಕಾಲೇಜಾದ ಸಂಸ್ಥೆಯಿಂದ ಹೊರಬಂದ ಮೊದಲ ಪದವೀಧರ ಈಶ್ವರಿ ಪ್ರಸಾದ್. ಹಾಗಿದ್ದೂ ಒಂದು ಸತ್ಯವನ್ನು ಮರೆಮಾಚಬೇಕಾಗಿಲ್ಲ. ಆ ಕಾಲೇಜಿನ ಕಣ್ಣೆದುರು ಇದ್ದುದು ಶರೀಫ್ ಮನೆತನಗಳ ಮಕ್ಕಳೇ ಹೊರತು ನೇಕಾರನ, ಕಮ್ಮಾರನ ಮಕ್ಕಳಲ್ಲ. 1857ರ ನಂತರ ನೆಲಕಚ್ಚಿದ್ದ ವರ್ಗವೊಂದನ್ನು ಎತ್ತಿ ನಿಲ್ಲಿಸುವುದು ಅಂದಿನ ತುರ್ತಾಗಿತ್ತು ಎನ್ನಬಹುದು. ಇಂದಿಗೂ ಅದನ್ನೇ ನೆಪವಾಗಿ ಹೇಳಲಾಗದು.

ಬೀಗದ ಕೆಲಸ ಹೇಗಿರುತ್ತದೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಒಂದು ಬೀಗ ಹಲವು ಮನೆಗಳನ್ನು ಸುತ್ತಿ ತಯಾರಾಗುತ್ತದೆ. ಒಬ್ಬ ತಗಡು ಒತ್ತಿದರೆ ಇನ್ನೊಬ್ಬ ಅರ ಹಾಕುತ್ತಾನೆ, ಮತ್ತೊಬ್ಬ ಪಾಲಿಶ್ ಮಾಡುತ್ತಾನೆ. ಪಾಲಿಶಿನ ಧೂಳು ಶ್ವಾಸಕೋಶಕ್ಕೆ, ಲೋಹದ ಲೇಪನಕ್ಕೆ ಬಳಸುವ ಆಮ್ಲ ಕೈಗಳಿಗೆ. ನೀರಾ ಬುರ್ರಾ ಅವರು ಬಾಲಕಾರ್ಮಿಕರ ಕುರಿತ ತಮ್ಮ 1995ರ ಗ್ರಂಥದಲ್ಲಿ ಈ ಕೆಲಸದಲ್ಲಿ ತೊಡಗಿದ್ದ ಅಲೀಗಢದ ಮಕ್ಕಳ ಸ್ಥಿತಿಯನ್ನು ವಿವರವಾಗಿ ದಾಖಲಿಸಿದ್ದಾರೆ. ಹಳಿಯ ಈಚೆಗೆ 1935ರಿಂದಲೇ ಇಂಜಿನಿಯರಿಂಗ್ ಕಾಲೇಜಿದೆ. ವೈದ್ಯಕೀಯ ಕಾಲೇಜಿಗೆ ಆರು ದಶಕ ದಾಟಿದೆ. ಆ ಧೂಳನ್ನು ಹೀರಿ ತೆಗೆಯುವ ಅಗ್ಗದ ಯಂತ್ರವೊಂದು ಪ್ರತಿ ಕಾರ್ಖಾನೆಯಲ್ಲೂ ಇರಬೇಕಿತ್ತಲ್ಲವೇ?

ದೂರದ ಬೆಲೆ ಏನೆಂಬುದನ್ನು 1990ರ ಡಿಸೆಂಬರ್ ತೋರಿಸಿತು. ಅಂದು ಗಲಭೆಯ ನಡುವೆ, ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿ ಹಿಂದೂ ರೋಗಿಗಳನ್ನು ಕೊಲ್ಲಲಾಗುತ್ತಿದೆ ಎಂಬ ಶುದ್ಧ ಸುಳ್ಳನ್ನು ಕೆಲವು ಹಿಂದಿ ಪತ್ರಿಕೆಗಳು ಮುದ್ರಿಸಿದವು. ಆ ಕೃತ್ಯದ ಹೊಣೆ ಸಂಪೂರ್ಣವಾಗಿ ಆ ಪತ್ರಿಕೆಗಳದ್ದು. ಆದರೆ ಊರಿನ ಜನ ಅದನ್ನು ನಂಬಿದ್ದೇಕೆ? ಪ್ರವೇಶ ಪರೀಕ್ಷೆಯಿಲ್ಲದೆ ಹಿಂದೂ ಮುಸ್ಲಿಮ್ ಭೇದವಿಲ್ಲದೆ ಊರಿನವರು ಒಳಬರಬಹುದಾದ ದೊಡ್ಡ ಬಾಗಿಲು ಅದೊಂದೇ. ಅಂತಹ ಬಾಗಿಲು ಇನ್ನೂ ನಾಲ್ಕಿದ್ದಿದ್ದರೆ ಆ ಸುಳ್ಳನ್ನು ಊರಿನವರೇ ಅಲ್ಲಗಳೆಯುತ್ತಿದ್ದರು. ದಂಗೆಗಳ ತರುವಾಯ ಅನುಕೂಲಸ್ಥರು ಹಳೇ ನಗರವನ್ನು ತೊರೆದು ಸಿವಿಲ್ ಲೈನ್ಸಿಗೆ ಬಂದರು. ಉಳಿದವರು ಬಡವರು.

2006ರ ಸಾಚಾರ್ ಸಮಿತಿಯ ವರದಿ ಪ್ರಕಾರ, 20 ವರ್ಷ ಮೀರಿದ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ. ಇತ್ತ ಈ ವಿಶ್ವವಿದ್ಯಾನಿಲಯದಲ್ಲಿ ಸುಮಾರು ಅರ್ಧದಷ್ಟು ಸೀಟುಗಳು ಅದರದೇ ಶಾಲಾ ಕಾಲೇಜುಗಳಲ್ಲಿ ಕಲಿತವರಿಗೆ ಮೀಸಲು. ಅಂದರೆ ಮಗುವಿನ ಭವಿಷ್ಯ ಬಹುಮಟ್ಟಿಗೆ ತೀರ್ಮಾನವಾಗುವುದು ಶಾಲೆಯ ಪ್ರವೇಶದ ಹಂತದಲ್ಲೇ. ಮನೆಯಲ್ಲಿ ಓದಿದವರಿರುವ ಮಗುವಿಗೂ, ಬೆಳಿಗ್ಗೆಯಿಂದ ಬೀಗದ ಮೊಳೆ ಎಣಿಸುವ ಮಗುವಿಗೂ ಆ ಪರೀಕ್ಷೆ ಒಂದೇ. ಹಳೇ ನಗರದೊಳಗೂ ವಿಶ್ವವಿದ್ಯಾನಿಲಯದ ಶಾಲೆಗಳಿವೆ ಎಂಬುದು ನಿಜ. ಹಾಗಾದರೆ ಅವುಗಳ ತರಗತಿಗಳಲ್ಲಿ ಬೀಗ ಕಾರ್ಮಿಕರ ಮಕ್ಕಳೆಷ್ಟು, ಅವರಲ್ಲಿ ಹಳಿ ದಾಟಿ ಪದವಿ ಮುಗಿಸಿದವರೆಷ್ಟು ಎಂಬ ಲೆಕ್ಕವನ್ನು ಪ್ರತಿ ವರ್ಷ ಹೆತ್ತವರ ವೃತ್ತಿಸಹಿತ ಪ್ರಕಟಿಸಲಿ. ಸಮುದಾಯದ ಹೆಸರಿನಲ್ಲಿ ವಾದಿಸಲು ವಕೀಲರಿಗೆ ಹಣ ಕೂಡಿಸುವವರು, ಆ ಲೆಕ್ಕವನ್ನೂ ಕೇಳಲಿ.