ಮೊಬೈಲ್ ಬಿಲ್ಲನ್ನು ಯಾರೊಡನೆ ಓದಬೇಕು?

ಎಂದಿನಂತೆ ಐದಾರು ನೂರು ರೂಪಾಯಿಗಳಲ್ಲಿ ಮುಗಿಯಬೇಕಾದ ಮೊಬೈಲ್ ಬಿಲ್ಲು ಒಂದು ತಿಂಗಳು ಐದಂಕಿಗೆ ಏರಿ ಬಂದರೆ, ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ನಡೆಯುವ ಮೊದಲ ಕೆಲಸ ಫೋನನ್ನು ಕಿತ್ತುಕೊಳ್ಳುವುದು. ಎರಡನೆಯದು ಉಪದೇಶ. ಬಿಲ್ಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವ ಕೆಲಸ ಮೂರನೆಯದಾಗಿಯೋ ನಾಲ್ಕನೆಯದಾಗಿಯೋ ಬರುತ್ತದೆ; ಅನೇಕ ವೇಳೆ ಬರುವುದೇ ಇಲ್ಲ. ಈ ಕ್ರಮ ತಲೆಕೆಳಗಾಗಬೇಕು, ಮೊದಲು ಬಿಲ್ಲನ್ನು ಓದಬೇಕು, ಅದನ್ನು ಮಗುವಿನ ಜೊತೆ ಕುಳಿತೇ ಓದಬೇಕು ಎಂಬುದು ನಮ್ಮ ನಿಲುವು.

ಇಂಥ ಬಿಲ್ಲು ಹೊಸದೇನಲ್ಲ. ಈ ದೇಶದಲ್ಲಿ ಮೊಬೈಲಿನ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತಾದಿಂದ ದೆಹಲಿಗೆ. ಅಲ್ಲಿಂದ ಮುಂದೆ ಹಲವು ವರ್ಷ ನಾವು ಕರೆ ಮಾಡಿದರೂ ದುಡ್ಡು, ಕರೆ ಬಂದರೂ ದುಡ್ಡು. ಒಳಬರುವ ಕರೆ ಉಚಿತವಾದದ್ದು 2003ರ ಮೇ ತಿಂಗಳಲ್ಲಿ. ಥಾಣೆ, ನವಿ ಮುಂಬಯಿ, ಡೊಂಬಿವಲಿ, ಕಲ್ಯಾಣಗಳೆಲ್ಲ ಮೊಬೈಲ್ ಕಂಪೆನಿಗಳ ಲೆಕ್ಕದಲ್ಲಿ ಮುಂಬಯಿ ವಲಯವೇ. (ಸ್ಥಿರ ದೂರವಾಣಿಯ ಕತೆ ಬೇರೆ: ಥಾಣೆಗೆ 022, ಡೊಂಬಿವಲಿಗೆ 0251. ನಡುವೆ ಇರುವುದು ಕೆಲವೇ ನಿಲ್ದಾಣಗಳು.) ಆದರೆ ಬೇಸಗೆ ರಜೆಯಲ್ಲಿ ಊರಿಗೆ ಹೊರಟ ಮಕ್ಕಳ ಫೋನು ಘಟ್ಟ ಹತ್ತಿ ಪುಣೆ ಸೇರುವ ಹೊತ್ತಿಗೆ ಬೇರೆ ವಲಯ, ಕರ್ನಾಟಕಕ್ಕೆ ಕಾಲಿಟ್ಟೊಡನೆ ಮತ್ತೊಂದು ವಲಯ. ರೋಮಿಂಗ್ ಎಂಬ ಪದವನ್ನು ನಮ್ಮ ಅನೇಕ ಮನೆಗಳು ಕಲಿತದ್ದು ಜೂನ್ ತಿಂಗಳ ಬಿಲ್ಲಿನಿಂದ. ಆಮೇಲೆ ಕಾಲರ್ ಟ್ಯೂನ್, ಜ್ಯೋತಿಷ್ಯ, ಕ್ರಿಕೆಟ್ ಸುದ್ದಿ, ಹಾಡಿನ ಸ್ಪರ್ಧೆಗೆ ಮತ ಹಾಕುವ ಸಂದೇಶ. ಒಂದೊಂದೂ ಚಿಕ್ಕ ಮೊತ್ತ, ಸೇರಿದರೆ ಗುಡ್ಡ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಕರೆಯೂ ಡೇಟಾವೂ ಅಗ್ಗವಾಗಿ, ಇನ್ನು ಈ ಕಾಟ ಮುಗಿಯಿತೆಂದು ನಾವು ನಿಟ್ಟುಸಿರು ಬಿಟ್ಟೆವು. ಕಾಟ ಮುಗಿಯಲಿಲ್ಲ, ಮನೆ ಬದಲಾಯಿಸಿತು. ಇಂದಿನ ದೊಡ್ಡ ಬಿಲ್ಲು ಆಟದೊಳಗಿನ ಖರೀದಿಯದು. ಪೋಸ್ಟ್‌ಪೇಯ್ಡ್ ಸಂಪರ್ಕವಿದ್ದರೆ ಅದು ಕೆಲವೊಮ್ಮೆ ಫೋನ್ ಬಿಲ್ಲಿಗೇ ಸೇರುತ್ತದೆ. ಇಲ್ಲವಾದರೆ ಅಪ್ಪನ ಕಾರ್ಡಿನಿಂದಲೋ ಅಮ್ಮನ ಯುಪಿಐ ಖಾತೆಯಿಂದಲೋ ಹೋಗುತ್ತದೆ.

2021ರ ಆಗಸ್ಟ್‌ನಲ್ಲಿ ಮುಂಬಯಿಯ ಜೋಗೇಶ್ವರಿಯ ಹದಿನಾರು ವರ್ಷದ ಹುಡುಗನೊಬ್ಬ ಪಬ್ಜಿ ಆಟಕ್ಕಾಗಿ ತಾಯಿಯ ಖಾತೆಯಿಂದ ಸುಮಾರು ಹತ್ತು ಲಕ್ಷ ರೂಪಾಯಿ ಕಳೆದಿದ್ದ. ವಿಷಯ ತಿಳಿದ ತಂದೆತಾಯಿ ಗದರಿದರು. ಹುಡುಗ ಚೀಟಿ ಬರೆದಿಟ್ಟು ಮನೆ ಬಿಟ್ಟ. ಮುಂಬಯಿ ಪೊಲೀಸರು ಅವನನ್ನು ಅಂಧೇರಿಯ ಮಹಾಕಾಲಿ ಗುಹೆಗಳ ಪರಿಸರದಲ್ಲಿ ಪತ್ತೆ ಮಾಡಿ ಮನೆಗೆ ಮುಟ್ಟಿಸಿದರು. ಅದಕ್ಕೆ ಕೆಲವೇ ವಾರಗಳ ಹಿಂದೆ ಮಧ್ಯಪ್ರದೇಶದ ಛತರಪುರದಲ್ಲಿ ಹದಿಮೂರು ವರ್ಷದ ಬಾಲಕನೊಬ್ಬ ಇಂಥದೇ ಆಟದಲ್ಲಿ ನಲವತ್ತು ಸಾವಿರ ರೂಪಾಯಿ ಕಳೆದು ಮನೆಗೆ ಮರಳಿ ಬಾರದ ದಾರಿ ಹಿಡಿದ. ಹತ್ತು ಲಕ್ಷದ ಮಗು ಬದುಕಿತು, ನಲವತ್ತು ಸಾವಿರದ ಮಗು ಹೋಯಿತು. ಬಿಲ್ಲಿನ ಮೊತ್ತಕ್ಕೂ ಅಪಾಯದ ಅಳತೆಗೂ ಸಂಬಂಧವಿಲ್ಲ. ಗೊತ್ತಾಯಿತು ಎಂದು ಮಗುವಿಗೆ ತಿಳಿದ ಆ ಒಂದು ಸಂಜೆ ಮನೆಯಲ್ಲಿ ಏನು ನಡೆಯುತ್ತದೆ ಎಂಬುದೇ ಎಲ್ಲಕ್ಕಿಂತ ಮುಖ್ಯ.

ಮಕ್ಕಳಿಗೆ ಹಣದ ಬೆಲೆ ಗೊತ್ತಿಲ್ಲ ಎಂದು ನಮ್ಮ ಹಿರಿಯರು ಹೇಳುವುದುಂಟು. ಆ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ಕರಾವಳಿಯಿಂದ ಹದಿಮೂರು ಹದಿನಾಲ್ಕರ ವಯಸ್ಸಿಗೆ ಈ ಮಹಾನಗರಕ್ಕೆ ಬಂದು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ತಿಂಗಳ ಕೊನೆಗೆ ಊರಿಗೆ ಮನಿಯಾರ್ಡರ್ ಬರೆದ ತಲೆಮಾರಿಗೆ ಹಣ ಕಣ್ಣಿಗೆ ಕಾಣುತ್ತಿತ್ತು. ಎಣಿಸಬೇಕಿತ್ತು, ಫಾರಂ ತುಂಬಬೇಕಿತ್ತು. ಎಸ್‌ಟಿಡಿ ಬೂತಿನಲ್ಲಿ ಊರಿನ ತಾಯಿಯ ಜೊತೆ ಮಾತಾಡುವಾಗಲೂ ಎದುರಿನ ಯಂತ್ರದಲ್ಲಿ ಕೆಂಪು ಅಂಕಿ ಓಡುತ್ತಿತ್ತು. ಮಾತು ಗಂಟಲಲ್ಲಿರುವಾಗಲೇ ಕೈ ರಿಸೀವರ್ ಇಡುತ್ತಿತ್ತು. ಆ ತಲೆಮಾರಿನ ಮಿತವ್ಯಯದಲ್ಲಿ ಸದ್ಗುಣದ ಪಾಲೆಷ್ಟೋ ಆ ಕೆಂಪು ಅಂಕಿಯ ಪಾಲೂ ಅಷ್ಟೇ.

ಆಟ ತಯಾರಿಸುವವರು ಮೊದಲು ಮರೆಮಾಡಿದ್ದು ಆ ಅಂಕಿಯನ್ನೇ. ರೂಪಾಯಿಯಲ್ಲಿ ಏನನ್ನೂ ಮಾರುವುದಿಲ್ಲ. ರೂಪಾಯಿ ಕೊಟ್ಟು ನಾಣ್ಯವನ್ನೋ ವಜ್ರವನ್ನೋ ಕೊಳ್ಳಬೇಕು, ಆ ವಜ್ರ ಕೊಟ್ಟು ಅಂಗಿ ಬಂದೂಕು ಕೊಳ್ಳಬೇಕು. ಬೇಕಾದ ವಸ್ತುವಿನ ಬೆಲೆಗೂ ವಜ್ರದ ಪೊಟ್ಟಣದ ಗಾತ್ರಕ್ಕೂ ಸರಿಹೊಂದದಂತೆ ಇಟ್ಟಿರುತ್ತಾರೆ. ಸ್ವಲ್ಪ ಉಳಿಯುತ್ತದೆ, ಉಳಿದದ್ದು ವ್ಯರ್ಥವಾಗದಿರಲೆಂದು ಇನ್ನಷ್ಟು ಕೊಳ್ಳುತ್ತಾರೆ. ನಲವತ್ತರ ಗೃಹಸ್ಥರೂ ಇದರಲ್ಲಿ ಮುಗ್ಗರಿಸುತ್ತಾರೆ. ಮಕ್ಕಳ ಇಂಥ ಖರೀದಿಗಳ ವಿಷಯದಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಕ್ರಮದಿಂದಾಗಿ 2014ರಲ್ಲಿ ಆಪಲ್ ಕಂಪೆನಿ ಕನಿಷ್ಠ 3.25 ಕೋಟಿ ಡಾಲರ್, ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಬೇಕಾಯಿತು. ತಪ್ಪೆಲ್ಲ ಮಗುವಿನದೇ ಆಗಿದ್ದರೆ ಅಷ್ಟು ದೊಡ್ಡ ಕಂಪೆನಿಗಳು ಹಣ ಮರಳಿಸುವ ಪ್ರಮೇಯವೇ ಬರುತ್ತಿರಲಿಲ್ಲ. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟಗಳನ್ನು ನಿಷೇಧಿಸಿದೆ. ಗೆಲುವಿನ ಹಣವಿಲ್ಲದೆ ಬರೀ ವಜ್ರ ಮಾರುವ ಆಟ ಆ ನಿಷೇಧದ ಹೊರಗೇ ಉಳಿದಿದೆ. ಕಾಯಿದೆ ಬಂತಲ್ಲ ಎಂದು ನಿಶ್ಚಿಂತರಾಗುವಂತಿಲ್ಲ.

ಇನ್ನೊಂದು ವಿಚಿತ್ರ. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲ; ಅವರ ಕರಾರು ಮೂಲದಲ್ಲೇ ಶೂನ್ಯ ಎಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಆದರೆ ಸಿಮ್ ಇರುವುದು ಅಪ್ಪನ ಹೆಸರಿನಲ್ಲಿ, ಕಾರ್ಡು ಅಮ್ಮನದು, ಒತ್ತಿದ ಪಿನ್ನೂ ಅವರದೇ. ಕಂಪೆನಿಯ ದಾಖಲೆಯಲ್ಲಿ ಮಗು ಎಲ್ಲಿಯೂ ಇಲ್ಲ.

ಆ ಪಿನ್ನು ಮಗುವಿನ ಕೈಗೆ ಹೋದದ್ದು ಹೇಗೆಂಬುದು ನಮಗೆಲ್ಲ ಗೊತ್ತು. ಡೊಂಬಿವಲಿಯಿಂದಲೋ ಕಲ್ಯಾಣದಿಂದಲೋ ಬೆಳಗಿನ ಫಾಸ್ಟ್ ಲೋಕಲ್ ಹಿಡಿದವರು ಮನೆಗೆ ಮರಳುವುದು ರಾತ್ರಿ. ಗಂಡ ಕೋಟೆಯತ್ತ ಹೋದರೆ ಹೆಂಡತಿ ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹತ್ತುತ್ತಾಳೆ. ಊರಿನಲ್ಲಾದರೆ ಅಜ್ಜಿಯೋ ಚಿಕ್ಕಪ್ಪನೋ ಇದ್ದಾರು. ಇಲ್ಲಿ ಬೀಗದ ಕೈ ಮತ್ತು ಫೋನು. ಟ್ಯೂಷನ್ನಿನ ಶುಲ್ಕ, ರಿಕ್ಷಾ, ಹಸಿವಾದರೆ ವಡಾಪಾವ್, ಎಲ್ಲದಕ್ಕೂ ಯುಪಿಐ. ಗಾಡಿಯ ನೂಕುನುಗ್ಗಲಿನಲ್ಲಿ ಒಟಿಪಿ ಓದಿ ಹೇಳಲಾಗದೆ ಪಿನ್ನನ್ನೇ ಹೇಳಿಬಿಡುತ್ತೇವೆ. ಇದನ್ನು ಯಾರ ತಪ್ಪೆಂದೂ ಕರೆಯಲು ನಾವು ಸಿದ್ಧರಿಲ್ಲ. ನಮ್ಮ ಉಪನಗರದ ದಿನಚರಿಯೇ ಹಾಗಿದೆ.

ಹಾಗಾದರೆ ಆ ಸಂಜೆ ಏನು ಮಾಡಬೇಕು? ಊಟ ಮುಗಿಯಲಿ. ಬಿಲ್ಲನ್ನೂ ಬ್ಯಾಂಕಿನ ಪಟ್ಟಿಯನ್ನೂ ಕಾಗದದ ಮೇಲೆ ಮುದ್ರಿಸಿ ತಂದು ಮೇಜಿನ ಮೇಲೆ ಹರಡಿ, ಪ್ರತಿ ಸಾಲಿನ ಎದುರು ಅದೇನೆಂದು ಮಗುವಿನ ಕೈಯಲ್ಲೇ ಬರೆಸಬೇಕು. ತನ್ನದಲ್ಲದ ಸಾಲೂ ಅಲ್ಲಿರಬಹುದು: ಯಾರೂ ಕೇಳದ ಚಂದಾ, ಯಾವುದೋ ಜಾಹೀರಾತು ಮುಟ್ಟಿದ್ದಕ್ಕೆ ಅಂಟಿಕೊಂಡ ಸೇವೆ. ಫೋನಿನ ಮೌಲ್ಯವರ್ಧಿತ ಸೇವೆಗಳನ್ನು ನಿಲ್ಲಿಸಲು 155223 ಎಂಬ ಸಂಖ್ಯೆಯಿದೆ. ಗೂಗಲ್ ಪ್ಲೇಯಲ್ಲಿ ಮಾಡಿದ ಖರೀದಿಗೆ 48 ಗಂಟೆಗಳೊಳಗೆ ಮರುಪಾವತಿ ಕೇಳಿದರೆ ಸಿಗುವ ಸಂಭವ ಹೆಚ್ಚು. ಬೈಗುಳದಲ್ಲಿ ಎರಡು ದಿನ ಕಳೆದರೆ ಆ ಅವಕಾಶವೂ ಕೈತಪ್ಪುತ್ತದೆ. ಅಲ್ಲಿಯೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಫೋನನ್ನು ಪೂರ್ತಿ ಕಿತ್ತುಕೊಳ್ಳುವುದನ್ನು ನಾವು ಒಪ್ಪುವುದಿಲ್ಲ. ಶಾಲೆಯ ಪಾಠ ಅದರಲ್ಲಿದೆ, ತಡವಾದ ಲೋಕಲ್ಲಿನ ಸುದ್ದಿಯೂ ಅದರಲ್ಲೇ ಬರಬೇಕು. ಕಿತ್ತುಕೊಳ್ಳಬೇಕಾದದ್ದು ಪಿನ್ನು. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ವ್ಯವಸ್ಥೆಯಲ್ಲಿ ಮಗುವಿನ ಪ್ರತಿ ಪಾವತಿಗೂ ಹಿರಿಯರ ಒಪ್ಪಿಗೆ ಬೇಕಾಗುವಂತೆ ಇಡಬಹುದು, ಇಲ್ಲವೇ ಇಷ್ಟೇ ಮೊತ್ತವೆಂದು ಮಿತಿ ಹಾಕಬಹುದು. ಆ ಮಿತಿಯೇ ಮತ್ತೆ ಕಣ್ಣೆದುರಿನ ಕೆಂಪು ಅಂಕಿಯ ಕೆಲಸ ಮಾಡೀತು. ಹಣವನ್ನು ಮಗು ತೀರಿಸಬೇಕೇ ಎಂದು ಕೇಳುವವರಿಗೆ, ಹೌದು, ಕೈಖರ್ಚಿನಿಂದ ಸ್ವಲ್ಪ ಭಾಗವನ್ನು, ಅವಧಿ ಗೊತ್ತುಮಾಡಿ. ಆದರೆ ಮುಂದಿನ ನಾಗಪಂಚಮಿಗೆ ನೆಂಟರು ಬಂದಾಗ ಆ ಕತೆಯನ್ನು ಅವರೆದುರು ತೆಗೆಯಬಾರದು. ನೆಂಟರ ಮುಂದಿನ ಮರ್ಯಾದೆ ಹದಿನೈದರ ವಯಸ್ಸಿನಲ್ಲಿ ಎಷ್ಟು ದೊಡ್ಡದೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲದಿಲ್ಲ.

ಮರುಪಾವತಿ ಕೇಳುವ ಪತ್ರವನ್ನು ಮಗುವೇ ಬರೆಯಲಿ: ದಿನಾಂಕ, ಮೊತ್ತ, ಏನು ಕೊಂಡೆ, ಏಕೆ ಕೊಂಡೆ, ಯಾವ ಪರದೆ ಏನು ತೋರಿಸಿತು. ಎರಡು ಸಲ ತಿದ್ದಿ ಬರೆಯಬೇಕಾದೀತು. ಕೆಳಗೆ ಸಹಿ ಮಾತ್ರ ಅಪ್ಪನದೋ ಅಮ್ಮನದೋ ಆಗಬೇಕು, ಖಾತೆ ಅವರ ಹೆಸರಿನಲ್ಲಿದೆ.